ಗುಂಡಿಯಕ್ಕ ಎರಡು ದಿನ ಆರೋಗ್ಯವಂತೆಯಾಗಿದ್ದದ್ದು

ಹೊಟ್ಟೆಕಿಚ್ಚು ಪಡುವುದಕ್ಕೆ ಜನಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಪಕ್ಕದ ಮನೆಯವಳ ಓಲೆಗೆ ಪಡುವವರಿದ್ದಾರೆ, ಅಣ್ಣನ ಸಂಬಳಕ್ಕೆ ಪಡುವವರಿದ್ದಾರೆ, ಓರಗಿತ್ತಿಯ ಉದ್ದ ಕೂದಲು ಕಂಡು ಊಟ ಬಿಟ್ಟವರೂ ಇದ್ದಾರೆ. ಆದರೆ ಹಾಸಿಗೆ ಹಿಡಿದ ತಂಗಿಯ ಕಾಯಿಲೆಯನ್ನು ಕಂಡು ಹೊಟ್ಟೆ ಉರಿದುಕೊಂಡವಳು ಎಂದರೆ ಗುಂಡಿಯಕ್ಕ ಒಬ್ಬಳೇ ಇರಬೇಕು. ಛೀ, ಎಂಥ ಹೆಂಗಸು ಎನ್ನಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಅವಳ ಅಮ್ಮನದು ಹೊಲಿಗೆ ಅಂಗಡಿ. ಮನೆಯ ಮುಂದಿನ ದೊಡ್ಡ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆಗಳೇ ಮನೆ, ನಡುವೆ ಒಂದು ಪರದೆ. ಆರು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ನಟ್ಟನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆಸ್ಪತ್ರೆಯವರ ಬಿಳಿ ಕೋಟು, ಶಾಲೆಯವರ ಯೂನಿಫಾರಂ, ಹೋಟೆಲಿನವರ ಏಪ್ರನ್ನು, ಇವೇ ಅಲ್ಲಿಯ ಕೆಲಸ. ಇಂಥ ಅಂಗಡಿಯಲ್ಲಿ ಯಾರು ಏನೇ ಅನ್ನಲಿ, ಕತ್ತರಿಸುವ ಮೇಜಿನ ಮುಂದೆ ನಿಂತವರದೇ ದರ್ಬಾರು. ಅವರು ಕತ್ತರಿಸಿ ಕೊಟ್ಟರೆ ಉಂಟು ಕೆಲಸ, ಇಲ್ಲದಿದ್ದರೆ ಆರು ಮಿಷನ್ನೂ ಬಾಯಿ ಮುಚ್ಚಿಕೊಂಡು ಕೂರಬೇಕು.

ಇಪ್ಪತ್ತಾರನೇ ವಯಸ್ಸಿನವರೆಗೆ ಆ ದರ್ಬಾರು ಇವಳದೇ. ಬಟ್ಟೆಯನ್ನು ಇಪ್ಪತ್ತು ಪದರ ಹಾಸಿ, ಮೇಲೆ ಒಂದೇ ಸಲ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ, ಮೇಲಿನ ಪದರಕ್ಕೂ ತಳದ ಪದರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಉಳಿದ ಚೂರುಗಳಲ್ಲಿ ಒಂದು ಕರವಸ್ತ್ರ ಕೂಡ ಆಗುತ್ತಿರಲಿಲ್ಲ. ಆಗ ಅವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಬಾಯಿಯೂ ಹಾಗೇ ಇತ್ತೆನ್ನಿ. ತೋಳು ಉಲ್ಟಾ ಜೋಡಿಸಿದವರಿಗೆ ಅವಳು ಬೈದದ್ದನ್ನು ಅಂಗಡಿಯ ಹಳಬರು ಈಗಲೂ ನೆನೆಸಿಕೊಂಡು ನಗುತ್ತಾರೆ.

ಆ ವರ್ಷ ಅವಳಿಗೊಂದು ಜ್ವರ ಬಂತು. ಗಂಟಲು ಕಟ್ಟಿತು, ಕುತ್ತಿಗೆ ಗಂಟು ಗಂಟಾಗಿ ಊದಿಕೊಂಡಿತು, ಹತ್ತು ದಿನ ಮಲಗಿದಳು. ಹನ್ನೊಂದನೇ ದಿನ ಜ್ವರ ಬಿಟ್ಟಿತು. ಬಿಟ್ಟಿತೇ ಹೊರತು, ಹೊತ್ತುಕೊಂಡು ಹೋದ ಶಕ್ತಿಯನ್ನು ಅದು ವಾಪಸ್ಸು ಕೊಡಲಿಲ್ಲ. ಒಂದು ದಿನ ಮೇಜಿನ ಮುಂದೆ ನಿಂತರೆ ಆ ದಿನ ಹೇಗೋ ಕಳೆಯುತ್ತಿತ್ತು. ಮಾರನೇ ದಿನವೋ, ಅದರ ಮಾರನೇ ದಿನವೋ, ಬಡಿದು ಹಾಕಿದ ಹಾಗೆ ಬೀಳುತ್ತಿದ್ದಳು. ಮೈಯೆಲ್ಲ ನೋವು, ಬೆಳಕು ಕಂಡರೆ ಕಣ್ಣು ಕುಕ್ಕುವುದು, ಯಾರಾದರೂ ಎರಡು ವಾಕ್ಯ ಮಾತಾಡಿದರೆ ಎರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತುಹೋಗುವುದು. ಹತ್ತು ಗಂಟೆ ನಿದ್ದೆ ಮಾಡಿದರೂ ಹತ್ತು ಗಂಟೆ ಮೂಟೆ ಹೊತ್ತವಳ ಹಾಗೆ ಏಳುವುದು. ಇಷ್ಟನ್ನೂ ಹೇಳಲು ಅವಳಿಗೆ ಸಿಕ್ಕಿದ್ದು ಸುಸ್ತು ಎಂಬ ಒಂದೇ ಮಾತು. ಆ ಮಾತೇ ಅವಳಿಗೆ ಶತ್ರುವಾಯಿತು.

"ನಮಗೂ ಸುಸ್ತಾಗುತ್ತೆ ಕಣಕ್ಕಾ," ಎಂದರು ಮಿಷನ್ನಿನವರು. "ಬೆಳಗ್ಗೆಯಿಂದ ಸಾಯಂಕಾಲದವರೆಗೂ ತುಳಿದು ನೋಡು, ಸುಸ್ತು ಅಂದ್ರೆ ಏನು ಅಂತ ಗೊತ್ತಾಗುತ್ತೆ."

ಡಾಕ್ಟರುಗಳಿಗೇನೂ ಕೊರತೆಯಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರಂತೆ ಏಳು ಜನರಿಗೆ ತೋರಿಸಿದಳು. ರಕ್ತ ಕೊಟ್ಟಳು, ಎದೆಯ ಚಿತ್ರ ತೆಗೆಸಿದಳು, ಎಲ್ಲ ಸರಿಯಾಗಿದೆ ಎಂದು ಬಂತು. ಈ ಕಾಯಿಲೆಯವರು ಮಾಡುವ ಒಂದು ತಪ್ಪಿದೆ, ಇವಳೂ ಅದನ್ನೇ ಮಾಡಿದಳು. ಡಾಕ್ಟರ ಹತ್ತಿರ ಹೋಗುವುದೆಂದರೆ ಬಸ್ಸು ಹತ್ತಬೇಕು, ಮೆಟ್ಟಿಲು ಹತ್ತಬೇಕು, ಎರಡು ಗಂಟೆ ಬೆಂಚಿನ ಮೇಲೆ ಕೂರಬೇಕು. ಅಷ್ಟಕ್ಕೆ ಮೈಯಲ್ಲಿ ಏನಾದರೂ ಇರಬೇಕಲ್ಲ! ಅದಕ್ಕೆ ಮೂರು ದಿನ ಮುಂಚಿನಿಂದಲೇ ಅಲ್ಲಾಡದೆ ಮಲಗಿ, ಹನಿ ಹನಿಯಾಗಿ ಶಕ್ತಿ ಕೂಡಿಟ್ಟು, ಆ ದಿನ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಹೋಗುವಳು. ಡಾಕ್ಟರು ನೋಡಿದರೆ ಎದುರಿಗೆ ಲಕ್ಷಣವಾಗಿ ಕೂತ ಹೆಂಗಸು. ಏನೂ ಇಲ್ಲ ಎಂದು ಬರೆದು ಕಳಿಸುವರು. ಅವಳು ಮನೆಗೆ ಬಂದು ಬಿದ್ದದ್ದನ್ನು ನೋಡಲು ಯಾವ ಡಾಕ್ಟರು ಬರುತ್ತಾನೆ?

ಒಬ್ಬರು ಮಾತ್ರ ಒಂದು ಪಟ್ಟಿ ಬರೆದುಕೊಟ್ಟರು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ನಡಿಗೆ, ಎರಡನೇ ವಾರ ಹದಿನೈದು, ಹೀಗೆ ಏರಿಸುತ್ತ ಹೋಗಬೇಕು, ಸುಸ್ತಾದರೂ ನಿಲ್ಲಿಸಬಾರದು. ಅಮ್ಮ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ ದಿನವೂ ತಾನೇ ಗುರುತು ಹಾಕಿದಳು. ಆರನೇ ವಾರ ಗುರುತು ನಿಂತಿತು. ಆಮೇಲೆ ಎರಡು ತಿಂಗಳು ಅವಳು ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದಳು. ಡಾಕ್ಟರು ತಮ್ಮ ಪುಸ್ತಕದಲ್ಲಿ ರೋಗಿ ಸಹಕರಿಸಲಿಲ್ಲ ಎಂದು ಬರೆದುಕೊಂಡು ಕೈ ತೊಳೆದುಕೊಂಡರು.

ಮೇಜು ತಂಗಿಯ ಪಾಲಾಯಿತು. ಎಂಟು ವರ್ಷ ಚಿಕ್ಕವಳು, ಕತ್ತರಿ ಹಿಡಿಯುವುದನ್ನು ಅಕ್ಕನಿಂದಲೇ ಕಲಿತವಳು. ಅಕ್ಕನಿಗೆ ಮೂಲೆಯಲ್ಲಿ ಒಂದು ಸ್ಟೂಲು ಸಿಕ್ಕಿತು, ಗುಂಡಿ ಹೊಲಿಯುವ ಕೆಲಸ ಸಿಕ್ಕಿತು, ಗುಂಡಿಯಕ್ಕ ಎಂಬ ಹೆಸರೂ ಬಿಟ್ಟಿಯಾಗಿ ಸಿಕ್ಕಿತು. ಆದ ದಿನ ಹೊಲಿಯುವಳು, ಆಗದ ದಿನ ಪರದೆಯ ಹಿಂದೆ ಮಲಗುವಳು. ಮಲಗಿದ ದಿನ ತಂಗಿ ಪರದೆಯ ಈಚೆಯಿಂದ ಎಲ್ಲರಿಗೂ ಕೇಳಿಸುವ ಹಾಗೆ, "ಇವತ್ತು ನಾಟಕ ಎಷ್ಟು ಅಂಕದ್ದೋ!" ಎನ್ನುವಳು. ಆರು ಮಿಷನ್ನಿನವರೂ ನಗುವರು. ಗುಂಡಿಯಕ್ಕ ಒಳಗೆ ಹಲ್ಲು ಕಚ್ಚಿಕೊಂಡು, ತಂಗಿಯ ಕತ್ತರಿ ಮೇಜಿನ ಮೇಲೆ ಓಡುವ ಸದ್ದು ಕೇಳುತ್ತ ಮಲಗಿರುವಳು. ಗೆರೆ ಸ್ವಲ್ಪ ಸೊಟ್ಟ ಹೋದರೂ ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಸೊಟ್ಟ ಹೋಗಲಿ ಎಂದು ಕಾಯುತ್ತಿದ್ದಳು. ಹಾಳಾದವಳು, ತಪ್ಪುತ್ತಿರಲಿಲ್ಲ!

ಹೀಗೆ ಹನ್ನೊಂದು ವರ್ಷ.

ಆಮೇಲೆ ಬಂತಲ್ಲ ಆ ಹೊಸ ವೈರಸ್ಸು, ಊರಿಗೆ ಊರನ್ನೇ ಮಲಗಿಸಿದ್ದು. ಅಂಗಡಿಯಲ್ಲಿ ಗುಂಡಿಯಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ಒಂದು ಸುತ್ತು ಬಂದು ಹೋಯಿತು. ತಂಗಿಗೆ ಬಂದದ್ದು ಮಾತ್ರ ಹೋಗಿಯೂ ಹೋಗಲಿಲ್ಲ. ಜ್ವರ ಬಿಟ್ಟು ಮೂರು ತಿಂಗಳಾದರೂ ಮೇಜಿನ ಮುಂದೆ ಅರ್ಧ ಗಂಟೆ ನಿಲ್ಲಲಾರಳು. ಅಳತೆ ಮರೆಯುವಳು. ಒಂದು ದಿನ ಹತ್ತು ಕೋಟುಗಳಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಟ್ಟು, ತಾನೇ ನೋಡಿ ಅತ್ತಳು.

ಗುಂಡಿಯಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು. ಮೊದಲು ಹೊಳೆದದ್ದು, ಈಗ ಗೊತ್ತಾಗಲಿ ಇವಳಿಗೆ, ಎಂಬುದು. ಈಗ ಇವಳಿಗೂ ಏನೂ ಇಲ್ಲ ಎನ್ನುತ್ತಾರೆ, ಇವಳೂ ಮೂಲೆಯ ಸ್ಟೂಲಿಗೆ ಬರುತ್ತಾಳೆ, ಆಗ ಕೇಳುತ್ತೇನೆ ನಾಟಕ ಎಷ್ಟು ಅಂಕದ್ದು ಎಂದು.

ಆದದ್ದೇ ಬೇರೆ. ಈ ಸಲ ಪತ್ರಿಕೆಯಲ್ಲಿ ಬಂದಿತ್ತು, ಟಿವಿಯಲ್ಲಿ ಬಂದಿತ್ತು, ಡಾಕ್ಟರುಗಳ ನಾಲಿಗೆಯ ತುದಿಯಲ್ಲಿ ಹೆಸರು ಕೂತಿತ್ತು. ಮೊದಲ ಡಾಕ್ಟರೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ತಂಗಿಯ ಮಾತನ್ನು ಮುಕ್ಕಾಲು ಗಂಟೆ ಕೇಳಿದರು. ವೈರಸ್ಸಿನ ನಂತರದ ದೀರ್ಘ ಬಳಲಿಕೆ ಎಂದು ಬರೆದು, ಕೆಳಗೆ ರುಜು ಹಾಕಿ, ಮೊಹರು ಒತ್ತಿ ಕೊಟ್ಟರು. ಅಮ್ಮ ಆ ಕಾಗದವನ್ನು ಮಡಿಸಿ ಮಡಿಸಿ ಹರಿಯುವವರೆಗೆ ಬಂದವರಿಗೆಲ್ಲ ತೋರಿಸಿದಳು. ಕಿಟಕಿಯ ಪಕ್ಕಕ್ಕೆ ಮಂಚ ಹಾಕಿಸಿದಳು. ಬೆಳಕು ಕುಕ್ಕುತ್ತದೆಂದು ಹೊಸ ಪರದೆ ಹೊಲಿಸಿದಳು. ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಆರು ಮಿಷನ್ನನ್ನೂ ನಿಲ್ಲಿಸಿಬಿಟ್ಟಳು, ಮಗಳಿಗೆ ಸದ್ದಾಗಬಾರದು ಎಂದು.

ಸದ್ದು! ಹನ್ನೊಂದು ವರ್ಷ ಅದೇ ಪರದೆಯ ಹಿಂದೆ, ಅದೇ ಆರು ಮಿಷನ್ನಿನ ಸದ್ದಿಗೆ ದಿಂಬಿನಿಂದ ಕಿವಿ ಮುಚ್ಚಿಕೊಂಡು ಮಲಗಿದ್ದವಳು ಗುಂಡಿಯಕ್ಕ. ಒಂದೇ ಒಂದು ಸಲ, ಒಂದು ಮಿಷನ್ನು ಅವಳಿಗಾಗಿ ನಿಂತಿತ್ತೇ? ಬಿಸಿ ಹಾಲಿನ ಲೋಟ ಹಿಡಿದು ಅಮ್ಮ ತಂಗಿಯ ಮಂಚದ ಕಡೆ ಹೋಗುವಾಗ ಗುಂಡಿಯಕ್ಕನ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿತ್ತು. ತಂಗಿ ಸಾಯಲಿ ಎಂದೇನೂ ಅವಳು ಬಯಸಲಿಲ್ಲ. ಆ ಕಾಗದ ತನ್ನದಾಗಿರಬೇಕಿತ್ತು, ಅಷ್ಟೇ. ಕಾಯಿಲೆ ಇಬ್ಬರದೂ ಒಂದೇ ಥರ, ಕಾಗದ ಅವಳೊಬ್ಬಳಿಗೆ! ಎಲ್ಲಿಯ ನ್ಯಾಯ?

ಒಂದು ದಿನ ತಂಗಿ ಮಲಗಿದಲ್ಲಿಂದಲೇ ಮೆಲ್ಲಗೆ ಕರೆದಳು. "ಅಕ್ಕಾ, ನಿಂಗೂ ಹೀಗೇ ಆಗ್ತಿತ್ತಾ? ಕೈ ಎತ್ತೋಕೂ ಆಗ್ದೇ ಇರೋ ಹಾಗೆ?"

ಹನ್ನೊಂದು ವರ್ಷ ಯಾರೂ ಕೇಳದ ಪ್ರಶ್ನೆ. ಹೌದು ಎಂದಿದ್ದರೆ ಅಲ್ಲಿಗೇ ಎಲ್ಲ ತಿಳಿಯಾಗುತ್ತಿತ್ತೋ ಏನೋ. ಗುಂಡಿಯಕ್ಕ ಬಾಯಿಯಿಂದ ದಾರ ಕಚ್ಚಿ ತುಂಡರಿಸಿದಳು.

"ನಂಗೆ ಏನಾಗಿತ್ತು? ಏನೂ ಆಗಿರ್ಲಿಲ್ಲ. ನಾಟಕ ಅಂತ ನೀನೇ ಹೇಳಿದ್ದೆಯಲ್ಲ."

ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅಷ್ಟರಲ್ಲಿ ಆಸ್ಪತ್ರೆಯ ಕೋಟುಗಳ ದೊಡ್ಡ ಕೆಲಸ ಬಂತು. ಅಮ್ಮ ಕತ್ತರಿ ತಂದು ಗುಂಡಿಯಕ್ಕನ ಮಡಿಲಿನಲ್ಲಿಟ್ಟಳು. "ಏಳು. ಇನ್ನು ಮೇಲೆ ಮೇಜು ನಿಂದು."

"ಅಮ್ಮಾ, ನನ್ನ ಕೈಲಿ ದಿನಾ ನಿಲ್ಲೋಕಾಗಲ್ಲ."

"ಯಾಕಾಗಲ್ಲ? ನಿಂಗೇನು ಕಾಯಿಲೆನಾ? ಕಾಯಿಲೆ ಇರೋಳು ಅಲ್ಲಿ ಮಲಗಿದಾಳೆ ನೋಡು. ಇಷ್ಟು ವರ್ಷ ಕೂತು ತಿಂದಿದ್ದು ಸಾಕು."

ಎರಡು ವಾರ ನಿಂತಳು. ಮೂರು ಗಂಟೆಗೊಮ್ಮೆ ಮೇಜಿನ ಕೆಳಗೆ, ಬಟ್ಟೆಯ ಸುರುಳಿಗಳ ನಡುವೆ ಅಡ್ಡ ಬಿದ್ದು ಎದ್ದಳು. ಹೀಗೇ ಇನ್ನೆರಡು ತಿಂಗಳು ನಿಂತರೆ ಮತ್ತೆ ಗೋಡೆ ಹಿಡಿದು ನಡೆಯುವುದೇ ಗತಿ, ಈ ಸಲ ಬಹುಶಃ ಕೊನೆಯವರೆಗೂ, ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಅವಳನ್ನು ಆ ಮೇಜಿನಿಂದ ಬಿಡಿಸುವುದು ಒಂದೇ ಒಂದು. ಕಾಯಿಲೆ ಎಂದು ಬರೆದ, ರುಜು ಇರುವ ಕಾಗದ.

ಆಗಲೇ ಸಂಶೋಧನಾ ಕೇಂದ್ರದಿಂದ ತಂಗಿಗೆ ಪತ್ರ ಬಂದದ್ದು. ಎರಡು ದಿನದ ಪರೀಕ್ಷೆ. ಮುಖಕ್ಕೆ ಕೊಳವೆ ಕಟ್ಟಿ ಸೈಕಲ್ ತುಳಿಸಿ ಉಸಿರು ಅಳೆಯುತ್ತಾರೆ, ಮಾರನೇ ದಿನ ಮತ್ತೆ ತುಳಿಸುತ್ತಾರೆ. ಜೊತೆಗೆ ಹೋಲಿಸಿ ನೋಡಲು ಅದೇ ಮನೆಯ ಒಬ್ಬ ಆರೋಗ್ಯವಂತರೂ ಬೇಕು. ಇಬ್ಬರೂ ಮೂರು ದಿನ ಮುಂಚಿನಿಂದ ಶ್ರಮದ ಕೆಲಸ ಮಾಡಬಾರದು.

"ಇವಳನ್ನೇ ಕರ್ಕೊಂಡು ಹೋಗು," ಎಂದಳು ಅಮ್ಮ ಗುಂಡಿಯಕ್ಕನನ್ನು ತೋರಿಸಿ. "ಇವಳಿಗೆ ಏನೂ ಇಲ್ಲ ಅಂತ ಏಳು ಜನ ಡಾಕ್ಟರು ಹೇಳಿದಾರೆ."

ಗುಂಡಿಯಕ್ಕ ಕುಣಿದಾಡಿಕೊಂಡು ಒಪ್ಪಿದಳು, ಮೈಯಲ್ಲಿ ಕುಣಿಯುವಷ್ಟು ಶಕ್ತಿ ಇದ್ದಿದ್ದರೆ ಎನ್ನಿ. ಅಂಥ ಯಂತ್ರದ ಹತ್ತಿರಕ್ಕೆ ಅವಳನ್ನು ಯಾರೂ ಬಿಟ್ಟಿರಲಿಲ್ಲ. ತಂಗಿಗೆ ಹಾಕುವ ಸೂಜಿ ತನಗೂ ಹಾಕಬೇಕು, ತಂಗಿಯ ಉಸಿರು ಅಳೆದರೆ ತನ್ನದನ್ನೂ ಅಳೆಯಬೇಕು. ಒಂದು ಸಲ ಒಳಗೆ ಹೊಕ್ಕರೆ ಯಂತ್ರವೇ ಹೇಳುತ್ತದೆ ಎಂಬ ಆಸೆ. ಕೇಂದ್ರದವರು ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ, ಇಲ್ಲ, ಇಲ್ಲ, ಏನೂ ಇಲ್ಲ, ದಿನಾ ಕೆಲಸಕ್ಕೆ ಹೋಗುತ್ತೇನೆ, ಎಂದುಬಿಟ್ಟಳು. ಆರೋಗ್ಯವಂತರ ಗುಂಪಿನಲ್ಲಿ ಅವಳಿಗೆ ಹದಿನಾಲ್ಕನೇ ನಂಬರು ಬಂತು. ಮೂರು ದಿನ ಮೇಜಿನಿಂದ ಬಿಡುವೂ ಸಿಕ್ಕಿತು. ಅಭ್ಯಾಸ ಬಲ ನೋಡಿ, ಅಷ್ಟನ್ನೂ ಅಲ್ಲಾಡದೆ ಮಲಗಿ ಕೂಡಿಟ್ಟುಕೊಂಡಳು.

ಮೊದಲ ದಿನ ತಂಗಿ ತುಳಿದಳು. ಯಂತ್ರ ನೋಡಿಕೊಳ್ಳುವವನು ದಪ್ಪ ಮೀಸೆಯ ಒಬ್ಬ ಗಂಭೀರ ಮನುಷ್ಯ. ಒಂದೊಂದು ನಿಮಿಷಕ್ಕೂ ಪೆಡಲಿನ ಭಾರ ಏರಿಸುತ್ತ, ತಾನೇ ತುಳಿಯುತ್ತಿರುವ ಹಾಗೆ ಹಲ್ಲು ಬಿಗಿ ಹಿಡಿಯುತ್ತಿದ್ದ. ಏಳು ನಿಮಿಷಕ್ಕೆ ತಂಗಿ ಕೈ ಎತ್ತಿದಳು. ಅವಳಿಗೆ ನೀರು ಕೊಟ್ಟು, ಬೆನ್ನು ತಟ್ಟಿ, ಇಬ್ಬರು ನರ್ಸುಗಳು ಹಿಡಿದುಕೊಂಡು ಹೋಗಿ ಮಲಗಿಸಿದರು. ಇಬ್ಬರು!

ಗುಂಡಿಯಕ್ಕ ಸೈಕಲ್ ಏರಿದಳು. ಏಳು ನಿಮಿಷವಾದದ್ದು ಗಡಿಯಾರದಲ್ಲಿ ಕಂಡಿತು. ಕಾಲು ಆಗಲೇ ಬೇಡ ಎನ್ನುತ್ತಿತ್ತು. ಎದುರಿನ ಮಂಚದಿಂದ ತಂಗಿ ನೋಡುತ್ತಿದ್ದಳು. ಇಷ್ಟೇನಾ, ಇಷ್ಟಕ್ಕೇನಾ ನಿನಗೆ ಇಬ್ಬರು ನರ್ಸುಗಳು, ಎಂದುಕೊಂಡು ತುಳಿದಳು. ಕಿಟಕಿಯ ಮಂಚಕ್ಕೊಂದು, ಹೊಸ ಪರದೆಗೊಂದು, ನಿಂತ ಆರು ಮಿಷನ್ನಿಗೆ ಆರು, ಎಂದು ಎಣಿಸಿ ಎಣಿಸಿ ತುಳಿದಳು. ಹತ್ತು ನಿಮಿಷ ಇಪ್ಪತ್ತು ಸೆಕೆಂಡು. ಮೀಸೆಯವನು ಭೇಷ್ ಎಂದ. ಆರೋಗ್ಯವಂತರ ಗುಂಪಿನಲ್ಲಿ ಅದೇನೂ ಹೆಚ್ಚಲ್ಲ, ಆದರೂ ಅವಳಿಗೆ ಹಬೆ ಹೋದ ಕುಕ್ಕರಿನ ಹಾಗೆ ಮನಸ್ಸು ಹಗುರವಾಯಿತು.

"ಅಕ್ಕಾ," ಎಂದಳು ತಂಗಿ, ಕಣ್ಣರಳಿಸಿ. "ನೀನು ನಿಜವಾಗ್ಲೂ ಚೆನ್ನಾಗಿದೀಯ ಕಣೇ."

ಆಗ ಹೊಳೆಯಿತು ಗುಂಡಿಯಕ್ಕನಿಗೆ. ಅಯ್ಯೋ ಪೆದ್ದಿ, ಏನು ಮಾಡಿಕೊಂಡೆ? ಹನ್ನೊಂದು ವರ್ಷ ಅಮ್ಮ ಹೇಳಿದ್ದನ್ನೇ ಯಂತ್ರದ ಮುಂದೆ ರುಜುವಾತು ಮಾಡಿ ಕೂತಿದ್ದಳು. ತಂಗಿಯನ್ನು ಗೆಲ್ಲಲು ಹೋಗಿ ಮೇಜಿಗೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡಿದ್ದಳು.

ಮಾರನೇ ಬೆಳಗ್ಗೆ ಬಾಚಣಿಗೆ ಎತ್ತಲು ಕೈ ಮೇಲೇಳಲಿಲ್ಲ. ತಂಗಿಯೇ ಬಂದು ತಲೆ ಬಾಚಿದಳು. ತಂಗಿ ಆ ದಿನವೂ ಆರೂ ಮುಕ್ಕಾಲು ನಿಮಿಷ ತುಳಿದಳು, ಲೆಕ್ಕ ಹೆಚ್ಚುಕಡಿಮೆ ಹಿಂದಿನ ದಿನದ್ದೇ. ಗುಂಡಿಯಕ್ಕನ ಸರದಿ ಬಂತು. ನಾಲ್ಕನೇ ನಿಮಿಷಕ್ಕೆ ಕಣ್ಣು ಕತ್ತಲಿಟ್ಟಿತು. ಹಲ್ಲು ಕಚ್ಚಿದಳು, ದೇವರನ್ನು ಬೈದಳು, ಕಾಲು ತನ್ನದಲ್ಲವೇನೋ ಎಂಬಂತೆ ನಿಂತುಬಿಟ್ಟಿತು. ಮೀಸೆಯವನು ಲೆಕ್ಕ ನೋಡಿದ, ಕೊಳವೆ ಬಿಚ್ಚಿ ಊದಿ ನೋಡಿದ, ಯಂತ್ರ ಕೆಟ್ಟಿರಬೇಕೆಂದು ತಾನೇ ಸೈಕಲ್ ಏರಿ ಎರಡು ನಿಮಿಷ ತುಳಿದ. ಯಂತ್ರ ಗುಂಡುಕಲ್ಲಿನ ಹಾಗೆ ಸರಿಯಾಗಿತ್ತು. ಡಾಕ್ಟರಮ್ಮನನ್ನು ಕರೆದ. ಈ ಸಂಶೋಧನೆ ನಡೆಸುತ್ತಿದ್ದವರು ಅವರು. ಅವರ ಹಿಂದೆಯೇ ಒಬ್ಬ ಹಿರಿಯ ಡಾಕ್ಟರೂ ಬಂದರು.

ಗುಂಡಿಯಕ್ಕ ಬೆಂಚಿನ ಮೇಲೆ ಮಲಗಿದ್ದಳು. ಅವಳ ಮೇಲಿನಿಂದಲೇ, ಅವಳು ಅಲ್ಲಿಲ್ಲವೇನೋ ಎಂಬಂತೆ, ಇಬ್ಬರಿಗೂ ಶುರುವಾಯಿತು.

"ಬಹಳ ವರ್ಷ ಕೂತೇ ಇದ್ದವರ ಹಾಗಿದೆ," ಎಂದರು ಹಿರಿಯರು. "ಸ್ನಾಯು ಸೊರಗಿದೆ. ಇದಕ್ಕೆಲ್ಲ ಹೊಸ ಕಾಯಿಲೆ ಹುಡುಕಬೇಕಾ?"

"ಸ್ನಾಯು ಸೊರಗಿದ್ರೆ ನಿನ್ನೆಯೂ ಸೊರಗಿರಬೇಕಿತ್ತಲ್ಲ ಸಾರ್? ನಿನ್ನೆ ಹತ್ತು ನಿಮಿಷ ತುಳಿದಿದಾರೆ. ಒಂದೇ ದಿನದಲ್ಲಿ ಹೇಗೆ ಸೊರಗುತ್ತೆ?"

"ಇವತ್ತು ಮನಸ್ಸಿಟ್ಟು ತುಳಿದಿಲ್ಲ."

"ಉಸಿರಿನ ಲೆಕ್ಕ ನೋಡಿ. ಅದು ಮನಸ್ಸನ್ನ ಕೇಳಿ ಇಳಿಯೋದಲ್ಲ. ಶ್ರಮ ಪಟ್ಟ ಮಾರನೇ ದಿನ ಹೀಗೆ ಕುಸಿಯೋದೇ ಈ ಕಾಯಿಲೆಯ ಗುರುತು ಅಂತ ನಾನು ಹೇಳ್ತಾ ಬಂದಿರೋದು."

"ಎಷ್ಟು ಜನರನ್ನ ನೋಡಿ ಹೇಳ್ತೀರಾ? ಇಪ್ಪತ್ತೆಂಟು. ಇಪ್ಪತ್ತೆಂಟು ಜನರನ್ನ ನೋಡಿ ಕಾಯಿಲೆಗೆ ಗೆರೆ ಎಳೆಯೋಕಾಗುತ್ತಾ?"

ಡಾಕ್ಟರಮ್ಮ ಹಾಳೆ ತಿರುವಿ, ಗುಂಡಿಯಕ್ಕನ ಕಡೆ ಬಗ್ಗಿದರು. "ನೀವು ಆರೋಗ್ಯವಂತರ ಗುಂಪಿನವರು. ಹಳೇ ಕಾಯಿಲೆ ಏನೂ ಇಲ್ಲ ಅಂತ ಬರೆಸಿದೀರಿ. ಯಾಕಮ್ಮಾ ಸುಳ್ಳು ಹೇಳಿದ್ರಿ?"

"ನಾನು ಸುಳ್ಳು ಹೇಳ್ಲಿಲ್ಲ," ಎಂದಳು ಗುಂಡಿಯಕ್ಕ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಏಳು ಜನ ಡಾಕ್ಟರು ಬರೆದುಕೊಟ್ಟಿದಾರೆ, ಏನೂ ಇಲ್ಲ ಅಂತ. ಚೀಟಿಗಳು ಮನೇಲಿವೆ. ನಿಮ್ಮವರು ಬರೆದಿದ್ದನ್ನೇ ನಾನು ನಿಮಗೆ ಬರೆಸಿದೆ. ಸುಳ್ಳಾದ್ರೆ ಅವರನ್ನ ಕೇಳಿ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ತಂಗಿ ತಲೆ ತಗ್ಗಿಸಿದಳು.

ಇಷ್ಟಾಯಿತಲ್ಲ, ಇನ್ನು ಕಾಗದ ಸಿಕ್ಕಿಯೇ ಸಿಗುತ್ತದೆ ಎಂದುಕೊಂಡಿರಾ? ಅವಳೂ ಹಾಗೇ ಅಂದುಕೊಂಡಿದ್ದಳು. ಡಾಕ್ಟರಮ್ಮ ಒಳ್ಳೆಯವರೇ, ಕೈ ಹಿಡಿದುಕೊಂಡೇ ಹೇಳಿದರು. ಆರೋಗ್ಯವಂತರ ಗುಂಪಿನಲ್ಲಿ ಅವಳನ್ನು ಇಟ್ಟುಕೊಳ್ಳುವಂತಿಲ್ಲ, ಲೆಕ್ಕವೆಲ್ಲ ಕೆಡುತ್ತದೆ. ರೋಗಿಗಳ ಗುಂಪಿಗೆ ಸೇರಿಸಲು ವೈರಸ್ಸು ಬಂದಿತ್ತೆಂಬುದಕ್ಕೆ ಪ್ರಯೋಗಾಲಯದ ಪುರಾವೆ ಬೇಕು, ಅದೂ ಮೂರು ವರ್ಷದೊಳಗಿನದು. ಹನ್ನೊಂದು ವರ್ಷದ ಹಿಂದಿನ ಗಂಟಲು ನೋವಿಗೆ ಪುರಾವೆ ಎಲ್ಲಿದೆ? ಇದು ಸಂಶೋಧನೆ, ಚಿಕಿತ್ಸೆ ಅಲ್ಲ, ಇಲ್ಲಿ ಯಾರಿಗೂ ಚೀಟಿ ಬರೆದುಕೊಡುವಂತಿಲ್ಲ. ಹೊರರೋಗಿಗಳ ವಿಭಾಗಕ್ಕೆ ಹೆಸರು ಬರೆಸಿದರೆ ಏಳೆಂಟು ತಿಂಗಳಲ್ಲಿ ಸರದಿ ಬರುತ್ತದೆ. ಅಲ್ಲಿಯವರೆಗೆ ಮೈ ಹೇಳಿದ್ದನ್ನು ಮೀರಿ ಏನೂ ಮಾಡಬೇಡಿ. ಇಷ್ಟು ಹೇಳಿ, ಹದಿನಾಲ್ಕನೇ ನಂಬರಿನ ಮೇಲೆ ಗೀಟು ಎಳೆದರು.

ತಂಗಿಗೆ ಮಾತ್ರ ಲೆಕ್ಕದ ಒಂದು ಪ್ರತಿ ಸಿಕ್ಕಿತು. "ಎರಡನೇ ದಿನ ಹೆಚ್ಚು ಇಳಿದಿಲ್ಲ. ಇದು ಒಳ್ಳೇದೇ. ಮಾತು ಕೊಡೋಕಾಗಲ್ಲ, ಆದ್ರೆ ನೀವು ಚೇತರಿಸಿಕೊಳ್ಳಬಹುದು," ಎಂದರು ಡಾಕ್ಟರಮ್ಮ. ಕಾಯಿಲೆಯ ಕಾಗದವೂ ಅವಳಿಗೆ, ಗುಣವಾಗುವ ಆಸೆಯೂ ಅವಳಿಗೇ.

ಬಸ್ಸಿನಲ್ಲಿ ತಂಗಿ ಏನೋ ಹೇಳಲು ಬಾಯಿ ತೆರೆದಳು. "ಅಮ್ಮನ ಹತ್ರ ಏನಾದ್ರೂ ಅಂದೆಯೋ, ನೋಡು," ಎಂದಳು ಗುಂಡಿಯಕ್ಕ. "ಕೈಯಲ್ಲಿ ಕಾಗದ ಇಲ್ಲದೆ ಮತ್ತೆ ಬೇಡುತ್ತಾ ನಿಲ್ಲೋಕೆ ನನ್ನಿಂದಾಗಲ್ಲ." ಮನೆಗೆ ಬಂದು ಹಾಸಿಗೆಗೆ ಬಿದ್ದವಳು ಹದಿನೇಳು ದಿನ ಏಳಲಿಲ್ಲ. ಸೈಕಲ್ ತುಳಿದಿದ್ದಕ್ಕೆ ಯಾರಾದರೂ ಹದಿನೇಳು ದಿನ ಮಲಗುತ್ತಾರಾ ಎಂದು ಅಮ್ಮ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಕೋಟುಗಳ ಕೆಲಸಕ್ಕೆ ಹೊರಗಿನಿಂದ ಒಬ್ಬನನ್ನು ಕರೆಸಿಕೊಂಡಳು.

ಆ ಮೇಲಿನ ತಿಂಗಳುಗಳಲ್ಲಿ ತಂಗಿ ನಿಜವಾಗಿಯೂ ಚೇತರಿಸಿಕೊಳ್ಳತೊಡಗಿದಳು. ಗುಂಡಿಯಕ್ಕ ಮೂಲೆಯ ಸ್ಟೂಲಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಇವತ್ತು ಮಂಚದ ಮೇಲೆ ಎದ್ದು ಕೂತಳು. ಇವತ್ತು ಬಚ್ಚಲ ಬಾಗಿಲಿಗೆ ಕೈ ಊರದೆ ನಡೆದಳು. ಇವತ್ತು ಬಟ್ಟೆ ಒಗೆದಳು, ಮಾರನೇ ದಿನ ಬೀಳಲಿಲ್ಲ. ಬೀಳಲಿಲ್ಲ! ಕಾಯಿಲೆ ಬಂದಾಗ ಪಟ್ಟ ಹೊಟ್ಟೆಕಿಚ್ಚು ಈ ಹೊಟ್ಟೆಕಿಚ್ಚಿನ ಮುಂದೆ ಏನೇನೂ ಅಲ್ಲ. ತಂಗಿ ಎರಡೆರಡು ಮೆಟ್ಟಿಲು ಹಾರಿ ಬೀದಿಗೆ ಇಳಿದದ್ದನ್ನು ಕಂಡ ದಿನ ಅವಳು ಊಟ ಮಾಡಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿ, ಆ ಅಸಹ್ಯವನ್ನೂ ತಂಗಿಯ ಮೇಲೇ ಹಾಕಿದಳು.

ಎಂಟನೇ ತಿಂಗಳಿಗೆ ತಂಗಿ ಮೇಜಿಗೆ ವಾಪಸ್ಸಾದಳು. ಗುಂಡಿಯಕ್ಕನ ಆಸ್ಪತ್ರೆಯ ಸರದಿ ಇನ್ನೂ ಬಂದಿರಲಿಲ್ಲ. ಅಂಗಡಿ ತುಂಬಿತ್ತು. ಆರು ಮಿಷನ್ನಿನವರೂ ಇದ್ದರು. ಅವಳು ಮೊದಲ ಗೆರೆ ಎಳೆದು ಕತ್ತರಿ ಓಡಿಸಿದಾಗ ಅಮ್ಮನ ಮುಖ ಅರಳಿತು. ಆ ಸಂತೋಷದಲ್ಲೇ ಮೂಲೆಯ ಕಡೆ ತಿರುಗಿದಳು.

"ನೋಡು ಇವಳನ್ನ. ನಿನಗಿಂತ ದೊಡ್ಡ ಕಾಯಿಲೆ, ಡಾಕ್ಟರೇ ಬರೆದುಕೊಟ್ಟಿದ್ದು. ಎಂಟು ತಿಂಗಳಲ್ಲಿ ಎದ್ದು ನಿಂತಳು. ಯಾಕೆ? ಮನಸ್ಸು ಮಾಡಿದ್ಲು. ನೀನೂ ಮನಸ್ಸು ಮಾಡು. ನಾಳೆಯಿಂದ ಇವಳ ಜೊತೆ ಮೇಜಿಗೆ ನಿಲ್ಲು. ಇನ್ನು ನನಗೆ ನೆಪ ಹೇಳಬೇಡ."

ಗುಂಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ತೂತಿನೊಳಗೆ ಹೋಗಲಿಲ್ಲ. ತಂಗಿ ಗುಣವಾದದ್ದೇ ಅವಳ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು.

"ನಾನು ಮನಸ್ಸು ಮಾಡ್ಲಿಲ್ಲ ಅಮ್ಮಾ." ತಂಗಿ ಕತ್ತರಿ ಕೆಳಗಿಟ್ಟಿದ್ದಳು. "ಅದು ತಾನಾಗೇ ಹೋಯ್ತು. ಯಾಕೆ ಹೋಯ್ತು ಅಂತ ಆ ಡಾಕ್ಟರಿಗೂ ಗೊತ್ತಿಲ್ಲ. ಅಕ್ಕಂದು ಹೋಗಿಲ್ಲ, ಅಷ್ಟೇ."

"ಅಕ್ಕಂದು ಏನು?"

"ಕಾಯಿಲೆ." ತಂಗಿ ಮಿಷನ್ನಿನವರ ಕಡೆ ಒಂದು ಸಲ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನನ್ನದಕ್ಕಿಂತ ದೊಡ್ಡ ಕಾಯಿಲೆ ಅಕ್ಕಂದು. ಆ ಯಂತ್ರದ ಲೆಕ್ಕ ನಾನೇ ಕಣ್ಣಾರೆ ನೋಡಿದೀನಿ. ಮೊದಲ ದಿನ ಹತ್ತು ನಿಮಿಷ ತುಳಿದೋಳು ಮಾರನೇ ದಿನ ನಾಲ್ಕಕ್ಕೆ ಬಿದ್ಲು. ಹೇಳಬೇಡ ಅಂದಿದ್ಲು, ಸುಮ್ನಿದ್ದೆ. ನಾಟಕ ಅಂತ ಹನ್ನೊಂದು ವರ್ಷ ಅಂದಿದ್ದು ನಾನೇ. ಇನ್ನು ಈ ಮೇಜಿಗೆ ಅವಳನ್ನ ಕರೀಬೇಡ."

ಅಮ್ಮ ಅಲ್ಲಿಂದ ಮೂಲೆಯವರೆಗೆ ನಡೆದು ಬಂದಳು. ಗುಂಡಿಯಕ್ಕನ ಮುಖವನ್ನು ಈಗ ತಾನೇ ಕಂಡವಳ ಹಾಗೆ ನೋಡಿದಳು.

"ಹೌದೇನೇ?" ಎಂದು ಕೇಳಿದಳು. ದನಿ ಕೂಡ ಬೇರೆಯಾಗಿತ್ತು.

"ಹೌದಮ್ಮ," ಎಂದಳು ಗುಂಡಿಯಕ್ಕ. ಅಷ್ಟಕ್ಕೆ ಅಳು ಒತ್ತರಿಸಿಕೊಂಡು ಬಂತು, ತಡೆಯಲಾಗಲಿಲ್ಲ. ಅಮ್ಮ ಕೆಳಗೆ ಕೂತು ಅವಳ ಬೆನ್ನು ಸವರತೊಡಗಿದಳು, ಪಾಪ, ಎಷ್ಟು ನೋವು ನುಂಗಿದೆಯೋ, ಎಂದಳು. ಅವಳು ಅತ್ತದ್ದು ನೋವಿಗಲ್ಲ. ತನ್ನ ಬಾಯಿಂದ ಹನ್ನೊಂದು ವರ್ಷ ಕೇಳಿಯೂ ನಂಬದ ಅಮ್ಮ, ತಂಗಿಯ ಬಾಯಿಂದ ಒಂದು ಸಲ ಬಂದದ್ದಕ್ಕೇ ನಂಬಿದ್ದಳು. ಅದನ್ನೂ ತಂಗಿಯೇ ಹೇಳಬೇಕಾಯಿತಲ್ಲ, ನಂಬಿಸಿದ ಮಾತೂ ಅವಳದೇ ಆಯಿತಲ್ಲ ಎಂದು ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅಮ್ಮನ ಕೈ ಬೆನ್ನಿನ ಮೇಲೆ ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ಹೋಗುತ್ತಿತ್ತು. ಗುಂಡಿಯಕ್ಕ ಬೇಡ ಎನ್ನಲಿಲ್ಲ.